ಎಂಟು ಮಂದಿಯ ತೂಕ

ಹಗ್ಗಜಗ್ಗಾಟ ಎಂದರೆ ಓಣಂ ದಿನ ಹೊಟ್ಟೆ ತುಂಬ ಉಂಡವರು ಸಂಜೆ ಅರಗಿಸಿಕೊಳ್ಳಲು ಆಡುವ ತಮಾಷೆ ಎಂದುಕೊಂಡವರು ಇನ್ನೂ ಇದ್ದಾರೆ. ಅಂಥವರು ಪೆರ್ಲದ ಹರಿನಾಥ ಮಾಷ್ಟ್ರ ಕಣ್ಣಿಗೆ ಬೀಳದಿರುವುದು ಒಳ್ಳೆಯದು. ಶಾಲೆಯಿಂದ ನಿವೃತ್ತರಾಗಿ ಆರು ವರ್ಷ ಕಳೆದರೂ ಕೊರಳಿನಿಂದ ಸೀಟಿ ತೆಗೆಯದ ಮನುಷ್ಯ ಅವರು. "ಬಲ ಎತ್ತಿಗೂ ಉಂಟು, ಕೋಣಕ್ಕೂ ಉಂಟು. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಎಂತ ಪ್ರಯೋಜನ?" ಎಂದು ಬೈದು ಬೈದು ಎಂಟು ಹುಡುಗಿಯರ ತಂಡವೊಂದನ್ನು ಕಟ್ಟಿದ್ದರು. ಆ ತಂಡ ಎರಡು ಸಲ ಕೇರಳದ ಹೆಸರಿನಲ್ಲಿ ರಾಷ್ಟ್ರಮಟ್ಟಕ್ಕೆ ಹೋಗಿ ಒಮ್ಮೆ ಬೆಳ್ಳಿ ಪದಕ ತಂದಿತ್ತು.

ಎಂಟು ಮಂದಿಯಲ್ಲಿ ಕೊನೆಯವಳು ಸೌದಾಮಿನಿ. ಕೊನೆಯವಳೆಂದರೆ ಕಡೆಗಣಿಸಬೇಕಾದವಳಲ್ಲ. ಹಗ್ಗದ ತುದಿ ಅವಳ ಕಂಕುಳಡಿಯಿಂದ ಹೊಕ್ಕು, ಬೆನ್ನ ಮೇಲೆ ಓರೆಯಾಗಿ ಹಾದು, ಹೆಗಲಿನಿಂದ ಇಳಿಯುತ್ತದೆ. ಉಳಿದವರು ಕೈಯಲ್ಲಿ ಎಳೆದರೆ ಅವಳು ಇಡೀ ಮೈಯಿಂದ ಎಳೆಯಬೇಕು. ಎದುರಾಳಿಗಳ ಮುಖ ಅವಳಿಗೆ ಸರಿಯಾಗಿ ಕಾಣುವುದೇ ಇಲ್ಲ, ಕಾಣುವುದು ತನ್ನವರ ಏಳು ಬೆನ್ನುಗಳು. ಆದರೆ ಮುಂದೆ ಯಾರ ಕಾಲು ಅದುರಿತು, ಯಾರ ಉಸಿರು ಕಟ್ಟಿತು ಎಂಬುದು ಹಗ್ಗದಲ್ಲೇ ಅವಳಿಗೆ ತಿಳಿದುಬಿಡುತ್ತದೆ. ಎಲ್ಲರಿಗಿಂತ ಮುಂದೆ ನಿಲ್ಲುವವಳು ಪುಷ್ಪಾವತಿ. ಒಂದನೇ ಕ್ಲಾಸಿನಿಂದ ಇಬ್ಬರೂ ಜೀವದ ಗೆಳತಿಯರು. ಹಗ್ಗದ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಇವಳು, ನಡುವೆ ಆರು ಮಂದಿ ಇದ್ದರೂ ಇಬ್ಬರ ಕಾಲೂ ಒಂದೇ ಹೊತ್ತಿಗೆ ಹಿಂದೆ ಬೀಳುತ್ತಿತ್ತು.

ಕಳೆದ ಮಾರ್ಚಿನಲ್ಲಿ ಅಭ್ಯಾಸದ ಹೊತ್ತಿಗೆ ಸೌದಾಮಿನಿಯ ಬೆನ್ನು ಕೈಕೊಟ್ಟಿತು. ಹಲಸಿನ ಮರಕ್ಕೆ ರಾಟೆ ಕಟ್ಟಿ, ಕಲ್ಲು ತುಂಬಿದ ಡ್ರಮ್ಮನ್ನು ಎಳೆದು ಮೇಲೆತ್ತುವ ಅಭ್ಯಾಸ ಅದು. ಸೊಂಟದಲ್ಲಿ ಏನೋ ಹರಿದ ಹಾಗಾಯಿತು. ಏನಿಲ್ಲ, ಉಳುಕು ಎಂದುಕೊಂಡು ಇನ್ನೂ ನಾಲ್ಕು ಸಲ ಎಳೆದಳು. ಮರುದಿನ ಬೆಳಗ್ಗೆ ಚಪ್ಪಲಿ ಹಾಕಲು ಹೋದರೆ ಎಡಗಾಲಿನ ಹೆಬ್ಬೆರಳು ಮೇಲೇಳಲಿಲ್ಲ. ಸೊಂಟದ ಕೊನೆಯ ಎರಡು ಎಲುಬುಗಳ ನಡುವಿನ ಡಿಸ್ಕ್ ಜಾರಿ ಕಾಲಿನ ನರವನ್ನು ಒತ್ತುತ್ತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು. ಮಂಗಳೂರಿನ ಡಾಕ್ಟರು, ಮೊದಲು ಫಿಸಿಯೋಥೆರಪಿ ಮಾಡಿ ನೋಡುವ, ಆಗದಿದ್ದರೆ ಆಪರೇಷನ್ ಎಂದರು. ನೆರೆಕರೆಯವರು ಮಾತ್ರ ಡಾಕ್ಟರಿಗಿಂತ ಧಾರಾಳಿಗಳು. ಎಣ್ಣೆ ಹಾಕಿ ತಿಕ್ಕುವವರು, ಬೆನ್ನು ಮೆಟ್ಟಿ ಉಳುಕು ತೆಗೆಯುವವರು, ಒಟ್ಟು ಐದು ಮಂದಿಯ ಫೋನ್ ನಂಬರು ಸಂಜೆಯೊಳಗೆ ಮನೆಗೆ ಬಂತು.

ಸೌದಾಮಿನಿ ಹೋದದ್ದು ನಾಯ್ಮಾರ್ಮೂಲೆಯ ಮೆರ್ವಿನ್ ಎಂಬ ಫಿಸಿಯೋಥೆರಪಿಸ್ಟರ ಬಳಿಗೆ. ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಎರಡು ಮಂಚ, ಒಂದು ಕನ್ನಡಿ, ನಾಲ್ಕು ಬಣ್ಣದ ರಬ್ಬರ್ ಪಟ್ಟಿಗಳಿದ್ದ ಜಾಗ. ಕೂತರೆ ಕಾಲಿಗೆ ಬೆಂಕಿ ಇಟ್ಟ ಹಾಗಾಗುತ್ತಿದ್ದುದರಿಂದ ಪೆರ್ಲದಿಂದ ಬದಿಯಡ್ಕ, ಚೆರ್ಕಳ ದಾಟಿ ಅಲ್ಲಿಯವರೆಗೂ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದಳು. ಇಷ್ಟು ಸೀಟು ಖಾಲಿ ಇದ್ದೂ ಕಂಬಕ್ಕೆ ಒರಗಿ ನಿಲ್ಲುವ ಈ ದಾಂಡಿಗ ಹುಡುಗಿಯನ್ನು ಕಂಡು ಕಂಡಕ್ಟರ್ ಮೊದಮೊದಲು ನಕ್ಕ. ಒಂದು ದಿನ ಅವಳ ಕಣ್ಣಲ್ಲಿ ನೀರು ನೋಡಿದ ಮೇಲೆ ನಗಲಿಲ್ಲ.

"ನೋವು ಕಾಲಿನಿಂದ ಮೇಲೆ ಹತ್ತಿ ಸೊಂಟಕ್ಕೆ ಬಂದರೆ ಖುಷಿಪಡಬೇಕು. ಸೊಂಟದಿಂದ ಕಾಲಿಗೆ ಇಳಿದರೆ ಆ ಕೂಡಲೇ ನನಗೆ ಫೋನ್ ಮಾಡಬೇಕು," ಎಂದರು ಮೆರ್ವಿನ್. "ನಿಮ್ಮಂಥವರದ್ದು ಒಂದೇ ಕಾಯಿಲೆ. ನೋವನ್ನು ಹೇಳುವುದಿಲ್ಲ. ಇಲ್ಲಿ ಆಟ ಆಡುವುದು ಬೇಡ. ಉಂಟಾದರೆ ಉಂಟು ಅಂತ ಹೇಳಿ."

"ಇದೆಂಥ ವೈದ್ಯ!" ಎಂದು ತಾಯಿ ಪ್ರೇಮಾವತಿ ಮೂಗಿನ ಮೇಲೆ ಬೆರಳಿಟ್ಟರು. "ಸೊಂಟನೋವು ಜಾಸ್ತಿಯಾದರೆ ಒಳ್ಳೆಯದಂತೆ!"

ಮೊದಲ ತಿಂಗಳು ಕೆಲಸವೆಂದರೆ ಕವುಚಿ ಮಲಗುವುದು, ಮೊಣಕೈ ಊರಿ ಎದೆ ಎತ್ತುವುದು, ಅಷ್ಟೇ. ಐನೂರು ಕಿಲೋ ಭಾರವನ್ನು ಎಳೆದು ಕೆಡವಿದವಳಿಗೆ ಅದು ಅವಮಾನವೆನಿಸುತ್ತಿತ್ತು. ಆಮೇಲೆ ಅಂಬೆಗಾಲಿಟ್ಟು ಬಲಗೈ ಎಡಗಾಲು ಒಟ್ಟಿಗೆ ಚಾಚುವುದು, ಅಂಗಾತ ಮಲಗಿ ಸೊಂಟ ಎತ್ತಿ ಹಿಡಿಯುವುದು. ನೋವು ಮೀನಖಂಡದಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಹತ್ತಲು ಹತ್ತು ವಾರ ಬೇಕಾಯಿತು. ಹೆಬ್ಬೆರಳು ಮೊದಲ ಸಲ ಮೇಲೆದ್ದ ದಿನ ಅವಳು ಮಂಚದ ಮೇಲೆ ಕುಳಿತು ಮಗುವಿನ ಹಾಗೆ ಅತ್ತಳು. ಅವತ್ತು ಜೊತೆಗೆ ಬಂದಿದ್ದ ಪುಷ್ಪಾವತಿಯೂ ಅತ್ತಳು. ಮೆರ್ವಿನ್ ಕಿಟಕಿಯಾಚೆ ನೋಡುತ್ತ, ಇಬ್ಬರಿಗೂ ಚಾ ತರಿಸಿದರು.

ಪುಷ್ಪಾವತಿ ಬಂದದ್ದು ಅದೊಂದೇ ದಿನವಲ್ಲ. ಪೊಲೀಸ್ ಕೆಲಸದ ಪಿಎಸ್‌ಸಿ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಬರುವ ವರ್ಷ ಮೇ ತಿಂಗಳಲ್ಲಿ ಓಟ, ಜಿಗಿತದ ದೈಹಿಕ ಪರೀಕ್ಷೆಯೊಂದೇ ಬಾಕಿ. ಅದಕ್ಕೆ ದಿನಾ ಬೆಳಗ್ಗೆ ಓಡುವವಳು, ಓಡಿ ಮುಗಿಸಿ ಇವಳ ಮನೆಗೆ ಬಂದು, ವ್ಯಾಯಾಮ ಮಾಡಿಸಿಯೇ ಹೋಗುತ್ತಿದ್ದಳು. "ಬೇಗ ಬಾ ಮಾರಾಯ್ತಿ. ನೀನಿಲ್ಲದೆ ನನ್ನ ಹಿಂದೆ ಯಾರೂ ಇಲ್ಲದ ಹಾಗೆ ಆಗ್ತದೆ," ಎನ್ನುತ್ತಿದ್ದಳು. ಆ ವರ್ಷ ತಂಡ ಎಲ್ಲೂ ಗೆಲ್ಲಲಿಲ್ಲ.

ಜನವರಿಯ ಹೊತ್ತಿಗೆ ಸೌದಾಮಿನಿ ತೊಂಬತ್ತು ಕಿಲೋ ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವಷ್ಟಾದಳು. ಇನ್ನು ಎಳೆಯಬಹುದು ಎಂದು ಮೆರ್ವಿನ್ ಒಪ್ಪಿಗೆ ಕೊಟ್ಟರು. ಫೆಬ್ರವರಿಯಲ್ಲಿ ರಾಜ್ಯಮಟ್ಟದ ಪಂದ್ಯ. ಗೆದ್ದ ತಂಡವೇ ಕೇರಳದ ಹೆಸರಿನಲ್ಲಿ ರಾಷ್ಟ್ರಮಟ್ಟಕ್ಕೆ ಹೋಗುವುದು. ಅವಳಿಗೆ ಇಪ್ಪತ್ತಾರು ವರ್ಷ. ಈ ಸಲ ಆಗದಿದ್ದರೆ ಮತ್ತೆ ಎಳೆಯುವುದು ಕನಸಿನ ಮಾತು ಎಂದು ಅವಳಿಗೂ ಗೊತ್ತಿತ್ತು, ಮಾಷ್ಟ್ರಿಗೂ ಗೊತ್ತಿತ್ತು.

ತೊಡಕು ಬಂದದ್ದು ಬೆನ್ನಿನಿಂದಲ್ಲ, ತೂಕದಿಂದ. ಈ ಆಟದಲ್ಲಿ ಒಬ್ಬೊಬ್ಬರ ತೂಕಕ್ಕೆ ಬೆಲೆಯಿಲ್ಲ, ಎಂಟು ಮಂದಿಯದು ಸೇರಿ ಐನೂರು ಕಿಲೋ ಮೀರಬಾರದು. ಪೆರ್ಲದ ಅಡಿಕೆ ವ್ಯಾಪಾರಿಯ ಅಂಗಡಿಯಲ್ಲಿ ಗೋಣಿ ತೂಗುವ ದೊಡ್ಡ ತೂಕದ ಯಂತ್ರವಿದೆ. ನಾಲ್ಕು ನಾಲ್ಕು ಮಂದಿಯಾಗಿ ಅದರ ಮೇಲೆ ಹತ್ತುವುದು ತಂಡದ ಹಳೆಯ ಪದ್ಧತಿ. ಅವತ್ತು ಹತ್ತಿದಾಗ ಲೆಕ್ಕ ಐನೂರ ಐದಕ್ಕೆ ಹೋಯಿತು. ಏಳು ಮಂದಿ ಮೊದಲಿನ ಹಾಗೆಯೇ ಇದ್ದರು. ಅರವತ್ತಾರು ಇದ್ದ ಸೌದಾಮಿನಿ ಎಪ್ಪತ್ತೊಂದಾಗಿದ್ದಳು.

"ಐದು ಕಿಲೋ ಇಳಿಸು. ಮೂರು ವಾರ ಉಂಟಲ್ಲ," ಎಂದರು ಮಾಷ್ಟ್ರು.

"ಇಳಿಸಲೇಬಾರದು," ಎಂದರು ಮೆರ್ವಿನ್. "ಅದು ಕೊಬ್ಬಲ್ಲ ಸೌದಾಮಿನಿ. ಹತ್ತು ತಿಂಗಳು ನಾವಿಬ್ಬರೂ ಸೇರಿ ಕಟ್ಟಿದ ಮಾಂಸ. ನಿಮ್ಮ ಡಿಸ್ಕನ್ನು ಹಿಡಿದು ನಿಲ್ಲಿಸಿದ್ದು ಅದೇ. ಉಪವಾಸ ಮಾಡಿ ಅದನ್ನು ಕರಗಿಸಿದರೆ, ಬೆನ್ನು ಹೋದಾಗ ನನ್ನ ಹತ್ತಿರ ಬರಬೇಡಿ."

ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಅತ್ತ ದರಿ, ಇತ್ತ ಪುಲಿ. ಪೆರ್ಲದ ಬಸ್‌ಸ್ಟ್ಯಾಂಡಿನಲ್ಲಿ ಸೌದಾಮಿನಿ ಎಲ್ಲವನ್ನೂ ಪುಷ್ಪಾವತಿಗೆ ಹೇಳಿದಳು. ಮಾಷ್ಟ್ರು ಹೊಸದಾಗಿ ತಂದ ಶ್ರೀರಂಜಿನಿ ಎಂಬ ಹುಡುಗಿ ಬರೀ ಐವತ್ತಮೂರು ಕಿಲೋ. ಯಾರಾದರೊಬ್ಬರು ಹಿಂದೆ ಸರಿದು ಅವಳನ್ನು ಹಾಕಿಕೊಂಡರೆ ತೂಕ ಸರಿಹೋಗುತ್ತಿತ್ತು. ಆದರೆ ಒಂಬತ್ತು ವರ್ಷ ಒಟ್ಟಿಗೆ ಎಳೆದವರಲ್ಲಿ ಯಾರನ್ನು ಬಿಡುವುದು?

"ಯಾರನ್ನೂ ಬಿಡುವುದು ಬೇಡ. ನೀನೂ ಒಂದು ಗ್ರಾಂ ಇಳಿಸಬೇಡ," ಎಂದಳು ಪುಷ್ಪಾವತಿ. "ನಾವು ಏಳು ಮಂದಿ ಇದ್ದೇವಲ್ಲ. ನಾವು ನೋಡಿಕೊಳ್ತೇವೆ."

ಹೇಗೆ ನೋಡಿಕೊಳ್ಳುತ್ತೀರಿ ಎಂದು ಸೌದಾಮಿನಿ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲಿಲ್ಲ ಎಂದರೆ ಅದು ಶುದ್ಧ ಸುಳ್ಳಾದೀತು.

ಪಂದ್ಯಕ್ಕೆ ಮೊದಲಿನ ನಾಲ್ಕು ದಿನ ಎಲ್ಲರೂ ಮಾಷ್ಟ್ರ ಮನೆಯಲ್ಲೇ ಇದ್ದರು. ಬೆಳಗ್ಗೆ ಸಂಜೆ ಅಭ್ಯಾಸ, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಹೆಸರುಕಾಳು ಪಲ್ಯ. ಸೌದಾಮಿನಿ, ಪುಷ್ಪಾವತಿ ಬಿಟ್ಟು ಉಳಿದ ಆರು ಮಂದಿ ಅರ್ಧ ಊಟ ಮಾಡಿ ಎಲ್ಲರೂ ಸೇರಿ ಎರಡು ಕಿಲೋ ಇಳಿಸಿದರು. ಮನೆಯಲ್ಲಿ ಅಕ್ಕರೆಯಿಂದ ಬೆಳೆದ ಮಕ್ಕಳು, ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಬಾಕಿ ಮೂರು ಕಿಲೋವನ್ನು ಐವತ್ತೆಂಟು ಕಿಲೋದ ಪುಷ್ಪಾವತಿ ಒಬ್ಬಳೇ ತನ್ನ ತಲೆಗೆ ಹಾಕಿಕೊಂಡಳು. ಉರಿಬಿಸಿಲಿಗೆ ಮಳೆಕೋಟು ತೊಟ್ಟು ಓಡಿದಳು. ಬಾಯಿ ಮುಕ್ಕಳಿಸುವಳು, ನೀರು ನುಂಗಳು. ಕೇಳಿದವರಿಗೆಲ್ಲ, "ಪಿಎಸ್‌ಸಿ ಓಟಕ್ಕೆ ಹಗುರ ಆದರೆ ಒಳ್ಳೆಯದಲ್ವಾ?" ಎಂದು ನಗುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಸೌದಾಮಿನಿ ಕೈ ತೊಳೆಯಲು ಅಡುಗೆಮನೆಗೆ ಹೋದಾಗ ಕಿಟಕಿಯಾಚೆ ಪುಷ್ಪಾವತಿ ಕಂಡಳು. ಹಿತ್ತಿಲಲ್ಲಿ ದನಕ್ಕೆ ಇಟ್ಟ ಅಕ್ಕಚ್ಚಿನ ಬಾಲ್ದಿಯ ಬಳಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ತುಂಬಿದ ಬಟ್ಟಲು. ಒಂದು ಅಗುಳೂ ಕಡಿಮೆಯಾಗಿರಲಿಲ್ಲ. ತುಟಿ ಒಡೆದು ಬಿಳುಚಿತ್ತು, ಕಣ್ಣು ಗುಳಿಬಿದ್ದಿತ್ತು. ಬೀಳುವವಳ ಹಾಗೆ ಒಮ್ಮೆ ಗೋಡೆಗೆ ಕೈ ಕೊಟ್ಟಳು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಬಟ್ಟಲನ್ನು ಬಾಲ್ದಿಗೆ ಮಗುಚಿದಳು.

ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡದ್ದು ಯಾರಿಗಾಗಿ ಎಂದು ಸೌದಾಮಿನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 'ಬೇಡ ಪುಷ್ಪಾ' ಎಂಬ ಮಾತು ಬಾಯಿಯವರೆಗೆ ಬಂತು. ಹಿಂದೆಯೇ ಲೆಕ್ಕವೂ ಬಂತು. ಅವಳು ಉಂಡರೆ ತೂಕ ಮೀರುತ್ತದೆ, ಮೀರಿದರೆ ಹೊರಗೆ ನಿಲ್ಲಬೇಕಾದವಳು ತಾನು. ಬಸ್ಸಿನ ಕಂಬ ಹಿಡಿದು ನಿಂತ ಹತ್ತು ತಿಂಗಳು ಕಣ್ಣೆದುರು ಬಂತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದಾರೆ. ಎಲ್ಲ ಮೌನವನ್ನೂ ಕಂಡು ಹೇಳಿದ ಮಾತಲ್ಲ ಅದು. ಸೌದಾಮಿನಿ ಕೈ ತೊಳೆದುಕೊಂಡು ಸದ್ದಿಲ್ಲದೆ ಹಿಂದೆ ಬಂದಳು. ಮೆರ್ವಿನ್ ಹೇಳಿದ ಎರಡು ಬೇಯಿಸಿದ ಮೊಟ್ಟೆ ತಟ್ಟೆಯಲ್ಲಿ ಬಾಕಿ ಇತ್ತು. ಅದನ್ನೂ ತಿಂದಳು.

ಪಂದ್ಯದ ದಿನ ಬೆಳಗ್ಗೆ ಎಂಟು ಮಂದಿಯ ತೂಕ ನಾನೂರ ತೊಂಬತ್ತೊಂಬತ್ತು ಮುಕ್ಕಾಲು ಕಿಲೋ ಬಂತು. ಅಧಿಕಾರಿಗಳು ಒಬ್ಬೊಬ್ಬರ ತೋಳಿಗೂ ಮುದ್ರೆ ಒತ್ತಿದರು. ತೂಕವಾದ ಕೂಡಲೇ ಪುಷ್ಪಾವತಿ ಎರಡು ಬಾಳೆಹಣ್ಣು ತಿಂದು ನೀರು ಕುಡಿದಳು, ಕುಡಿದದ್ದನ್ನು ಅರ್ಧ ವಾಂತಿ ಮಾಡಿದಳು. ಮೂರು ದಿನ ಬತ್ತಿದ ಮೈ ಒಂದು ಗಂಟೆಯಲ್ಲಿ ತುಂಬುತ್ತದೆಯೇ? ಆದರೂ ಆ ಹುಡುಗಿ ಫೈನಲ್‌ವರೆಗೆ ಎಳೆದಳು. ಮೊದಲ ಎಳೆತ ಇವರಿಗೆ, ಎರಡನೆಯದು ಪಾಲಕ್ಕಾಡಿನವರಿಗೆ. ಮೂರನೆಯದರಲ್ಲಿ ಎಲ್ಲವೂ ತೀರ್ಮಾನವಾಗಬೇಕಿತ್ತು.

ಮೂರು ನಿಮಿಷ ಹಗ್ಗ ಆಚೆಗೂ ಈಚೆಗೂ ಹೋಗಲಿಲ್ಲ. ಹದಿನಾರು ಜೊತೆ ಹಿಮ್ಮಡಿಗಳು ಮಣ್ಣಿನಲ್ಲಿ ಹೊಂಡ ತೋಡಿ ನಿಂತಿದ್ದವು. ಆಗ ಸೌದಾಮಿನಿಯ ಬೆನ್ನ ಮೇಲಿದ್ದ ಹಗ್ಗ ಒಂದು ಸುದ್ದಿ ಹೇಳಿತು. ಎಲ್ಲರಿಗಿಂತ ಮುಂದೆ ಒಂದು ಬಲ ನಡುಗಿ ನಡುಗಿ ಆರಿಹೋಗಿತ್ತು. ಅದು ಪುಷ್ಪಾವತಿ ಎಂದು ಅವಳಿಗೆ ಗೊತ್ತಾಯಿತು. 'ಹೋಲ್ಡ್' ಎಂದು ಒಂದು ಕೂಗು ಹಾಕಿದ್ದರೆ ತಂಡ ಇದ್ದಲ್ಲೇ ಊರಿ ನಿಲ್ಲುತ್ತಿತ್ತು, ಪುಷ್ಪಾವತಿ ಕಾಲು ಸರಿಮಾಡಿಕೊಳ್ಳುತ್ತಿದ್ದಳು. ಹಾಗೆ ಕೂಗುವುದು ಕೊನೆಯವಳ ಕೆಲಸವೇ. ಆದರೆ ಅದೇ ಗಳಿಗೆಯಲ್ಲಿ ಎದುರು ತಂಡವೂ ಒಂದು ಕೂದಲೆಳೆಯಷ್ಟು ಸಡಿಲವಾಯಿತು. ಸೌದಾಮಿನಿ ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲಿದಳು. ಬೆನ್ನು ತಡೆಯಿತು. ನೋವಿಲ್ಲ, ಉರಿಯಿಲ್ಲ, ಕಲ್ಲಿನ ಕಂಬದ ಹಾಗೆ ತಡೆಯಿತು. ಹತ್ತು ತಿಂಗಳಲ್ಲಿ ಅಂಥ ಸಂತೋಷ ಅವಳಿಗೆ ಆಗಿರಲಿಲ್ಲ. ಒಂದು ಹೆಜ್ಜೆ, ಎರಡು, ಮೂರು. ತಂಡ ಹಿಂದೆ ಬಂತು. ಪುಷ್ಪಾವತಿಯ ಹಿಮ್ಮಡಿ ಮಾತ್ರ ಹೊಂಡದಲ್ಲಿ ಸಿಕ್ಕಿಕೊಂಡಿತ್ತು. ಹಗ್ಗ ಬಿಡಬಾರದೆಂದು ಒಂಬತ್ತು ವರ್ಷ ಕಲಿತವಳು ಹಗ್ಗ ಬಿಡಲಿಲ್ಲ. ಮೈ ಹಿಂದಕ್ಕೆ ಬಂತು, ಕಾಲು ಬರಲಿಲ್ಲ.

ಗೆಲುವಿನ ಸೀಟಿ ಮತ್ತು ಆ ಕಿರುಚು ಒಟ್ಟಿಗೆ ಕೇಳಿಸಿದವು.

ತಂಡದ ಜೊತೆಗಿದ್ದ ಮೆರ್ವಿನ್ ಮಣ್ಣಿನಲ್ಲೇ ಕುಳಿತು ಪುಷ್ಪಾವತಿಯ ಮೊಣಕಾಲು ಹಿಡಿದರು. ಕೆಳಗಿನ ಎಲುಬನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿದರು. ಸರಿ ಇರುವ ಮೊಣಕಾಲಾದರೆ ಒಂದು ಕಡೆ ತಟ್ಟಿ ನಿಲ್ಲಬೇಕು. ಅದು ನಿಲ್ಲಲಿಲ್ಲ. ಅವರ ಮುಖ ನೋಡಿಯೇ ಸೌದಾಮಿನಿಗೆ ಅರ್ಥವಾಯಿತು.

"ಮೇ ತಿಂಗಳಲ್ಲಿ ಅವಳಿಗೆ ಪಿಎಸ್‌ಸಿ ಓಟ ಉಂಟು ಸರ್," ಎಂದಳು.

"ಈ ಮೇ ಅಲ್ಲ, ಬರುವ ಮೇಯಲ್ಲೂ ಹೇಳಲಿಕ್ಕಾಗುವುದಿಲ್ಲ." ಮೆರ್ವಿನ್ ತಲೆಯೆತ್ತಿದರು. "ಇವಳ ಮೈಯಲ್ಲಿ ನೀರೇ ಇಲ್ಲ. ತೊಡೆಯ ಮಾಂಸ ಕಟ್ಟಿಗೆ ಆಗಿದೆ. ಎಂತ ತಿಂದಿದ್ದಳು ಇವಳು? ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲ ಸರ್," ಎಂದಳು ಸೌದಾಮಿನಿ. ಬಾಯಿ ಬಿಟ್ಟರೆ ಬಣ್ಣಗೇಡು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡುವ ಮುಖ್ಯ ತಂತು ಪೂರ್ತಿ ಹರಿದಿತ್ತು, ಅವುಗಳ ನಡುವಿನ ಮೆತ್ತೆಯೂ ಸೀಳಿತ್ತು. ತೊಡೆಯಿಂದ ಕಣಕಾಲಿನವರೆಗೆ ಬಿಗಿಪಟ್ಟಿ ಹಾಕಿ ಮನೆಗೆ ಕಳಿಸಿದರು. ಸೌದಾಮಿನಿ ದಿನಾ ಬೆಳಗ್ಗೆ ಹೋಗಿ ವ್ಯಾಯಾಮ ಮಾಡಿಸತೊಡಗಿದಳು. ಮಂಡಿಯ ಚಿಪ್ಪು ಬಿಗಿಹಿಡಿದು ಐದು ಎಣಿಸುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಪುಷ್ಪಾವತಿಯ ತಾಯಿ ಅಮ್ಮಣಿ ಜಗಲಿಯಲ್ಲಿ ಬೀಡಿ ಕಟ್ಟುತ್ತ, "ನಿನ್ನಂಥ ಗೆಳತಿ ಇದ್ದದ್ದು ನಮ್ಮ ಪುಣ್ಯ ಮಗಾ," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಸೌದಾಮಿನಿಗೆ ಎದ್ದು ಓಡಬೇಕೆನಿಸುತ್ತಿತ್ತು.

ಆಪರೇಷನ್ ಆಗಿ ಹತ್ತನೆಯ ದಿನ, ವ್ಯಾಯಾಮ ಮುಗಿದ ಹೊತ್ತಿಗೆ ಹರಿನಾಥ ಮಾಷ್ಟ್ರ ಫೋನ್ ಬಂತು. ಸೌದಾಮಿನಿ ಜಗಲಿಗೆ ಹೋಗಿ ಮಾತಾಡಿ ಒಳಗೆ ಬಂದಳು.

"ಎಂತ ಹೇಳಿದರು ಮಾಷ್ಟ್ರು?"

"ನ್ಯಾಷನಲ್‌ಗೆ ನಿನ್ನ ಜಾಗದಲ್ಲಿ ಶ್ರೀರಂಜಿನಿಯನ್ನು ಹಾಕ್ತಾರಂತೆ."

ಪುಷ್ಪಾವತಿ ಸೂರು ನೋಡುತ್ತ ಬೆರಳು ಮಡಚಿದಳು. "ನಾನು ಐವತ್ತೆಂಟು, ಅವಳು ಐವತ್ತಮೂರು. ನಿನ್ನ ಐದು ಕಿಲೋ ಸರಿಹೋಯ್ತು. ಇನ್ನು ಯಾರೂ ಉಪವಾಸ ಇರುವುದು ಬೇಡ," ಎಂದು ನಕ್ಕಳು. "ಬೆನ್ನಿಗೆ ಬೇಕು, ಸರಿಯಾಗಿ ಊಟ ಮಾಡು ನೀನು."

ಮಾಷ್ಟ್ರು ಫೋನಿನಲ್ಲಿ ಹೇಳಿದ್ದೂ ಅದನ್ನೇ. ಅವರ ಬಾಯಲ್ಲಿ ಕೇಳಿ ತಡೆದುಕೊಂಡಿದ್ದ ಸೌದಾಮಿನಿಗೆ ಇವಳ ಬಾಯಲ್ಲಿ ಕೇಳಿ ತಡೆದುಕೊಳ್ಳಲು ಆಗಲಿಲ್ಲ. ಮಂಚದ ಕಾಲಬುಡದಲ್ಲಿ ಕುಸಿದು ಕೂತಳು.

"ಪುಷ್ಪಾ, ಅವತ್ತು ಮಾಷ್ಟ್ರ ಮನೆಯಲ್ಲಿ ನೀನು ಗಂಜಿ ಚೆಲ್ಲಿದ್ದನ್ನು ನಾನು ನೋಡಿದ್ದೇನೆ. ಕಿಟಕಿಯಿಂದ ನೋಡಿದ್ದೇನೆ. ನೋಡಿಯೂ ಹೇಳಲಿಲ್ಲ."

ಪುಷ್ಪಾವತಿಯ ನಗು ಹಾಗೆಯೇ ನಿಂತು, ಆಮೇಲೆ ಮೆಲ್ಲನೆ ಹೋಯಿತು. ಹೊರಗೆ ಅಮ್ಮಣಿಯ ಕತ್ತರಿ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು.

"ನನಗೆ ಗೊತ್ತಿತ್ತು," ಎಂದಳು. "ನೀನು ಕಿಟಕಿಗೆ ಬಂದದ್ದು ನನಗೆ ಕಂಡಿತ್ತು. ಬಟ್ಟಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆನಲ್ಲ? ಅದು ಅದಕ್ಕೇ. ನೀನು ಬೇಡ ಅಂತ ಹೇಳ್ತೀ ಅಂತ ಕಾದೆ. ಒಂದು ಮಾತು ಹೇಳಿದ್ದರೆ ಉಣ್ತಿದ್ದೆ. ಅಷ್ಟು ಹಸಿವಾಗಿತ್ತು ನನಗೆ."

ಪುಷ್ಪಾವತಿ ಬೈಯಲಿಲ್ಲ, ಅಳಲೂ ಇಲ್ಲ. ಇನ್ನು ಸಾಕು ಎಂಬಂತೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಲು ನೋಡಿದಳು. ಬಿಗಿಪಟ್ಟಿಯ ಕಾಲು ಅಲುಗಲಿಲ್ಲ. ಮೊಣಕೈ ಊರಿ ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ಕೊನೆಗೆ ಸೌದಾಮಿನಿ ಎದ್ದು, ಒಂದು ಕೈ ಹಿಮ್ಮಡಿಯ ಅಡಿಗೆ, ಒಂದು ಕೈ ತೊಡೆಯ ಅಡಿಗೆ ಕೊಟ್ಟು, ಮೆರ್ವಿನ್ ಕಲಿಸಿದ ಹಾಗೆ ಕಾಲನ್ನು ಮೆಲ್ಲಗೆ ಎತ್ತಿ, ತನಗೆ ಬೆನ್ನು ಹಾಕಿ ಮಲಗುವಂತೆ ಅವಳನ್ನು ತಿರುಗಿಸಿಕೊಟ್ಟಳು.